ಅಪ್‌ಡೇಟ್: 17ರ ತಮ್ಮ ಸಹಿ ಹಾಕಿದ ಬೈಕ್ ಸಾಲದ ಪತ್ರ

ಹಿಂದೆ ಕೇಳಿದ್ದೆನಲ್ಲ, ತಮ್ಮ 17 ವಯಸ್ಸಿನಲ್ಲಿ ಹಳೇ ಬೈಕಿಗೆಂದು ಊರಿನವರೊಬ್ಬರ ಹತ್ತಿರ ಸಾಲ ಮಾಡಿ ಛಾಪಾ ಕಾಗದಕ್ಕೆ ಸಹಿ ಹಾಕಿದ್ದಾನೆ, ಈಗ ಅವರು ಬಡ್ಡಿ ಸೇರಿಸಿ ಕೇಳುತ್ತಿದ್ದಾರೆ ಅಂತ.

ವಕೀಲರನ್ನು ಕಂಡೆವು. ಅವರು ಮೊದಲು ಕೇಳಿದ್ದೇ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಹುಟ್ಟಿದ ತಾರೀಕು, ಪತ್ರದ ತಾರೀಕು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರು. 18 ತುಂಬದವರು ಮಾಡಿದ ಕರಾರು 1872ರ ಕರಾರು ಕಾಯ್ದೆಯ 11ನೇ ಕಲಂ ಪ್ರಕಾರ ನಿಲ್ಲುವುದಿಲ್ಲ. 1903ರ ಮೊಹೊರಿ ಬೀಬಿ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ (ಬ್ರಿಟಿಷರ ಕಾಲದಲ್ಲಿ ಇಲ್ಲಿನ ಕೇಸುಗಳಿಗೆ ಕೊನೆಯ ಕೋರ್ಟ್) ಹೇಳಿದ್ದೂ ಇದನ್ನೇ. ಅಲ್ಲೂ ಸಾಲದ್ದೇ ಜಗಳ.

ಸಾಲ ಕೊಟ್ಟವರು ಜಾಣರು. "ಈಗ 18 ಆಯ್ತಲ್ಲ, ಹಳೇದನ್ನ ಒಪ್ಪಿಕೊಂಡು ಇನ್ನೊಂದು ಸಹಿ ಹಾಕಪ್ಪ" ಎಂದಿದ್ದಾರೆ. ಅದೂ ನಡೆಯುವುದಿಲ್ಲ. ಮೊದಲಿಂದಲೂ ಇಲ್ಲದ ಕರಾರನ್ನು ಆಮೇಲೆ ಒಪ್ಪಿಕೊಳ್ಳಲು ಬರುವುದಿಲ್ಲ.

ಆದರೆ ಬೈಕ್ ಇನ್ನೂ ನಮ್ಮ ಅಂಗಳದಲ್ಲೇ ಇದೆ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 33ನೇ ಕಲಂ ಪ್ರಕಾರ, ಪಡೆದ ಲಾಭದ ಮಟ್ಟಿಗೆ ವಾಪಸ್ ಕೊಡಿ ಎಂದು ಕೋರ್ಟ್ ಹೇಳಬಹುದು. ನ್ಯಾಯವೇ ಅಲ್ವಾ. ಹಾಗಾಗಿ ಬಡ್ಡಿ ಮಾತು ಬೇಡ, ಬೈಕ್ ಮಾರಿ ಬಂದಷ್ಟು ಕೊಡುತ್ತೇವೆ ಎಂದು ಅಪ್ಪ ಹೇಳಿ ಕಳಿಸಿದ್ದಾರೆ. ಇನ್ನೂ ಉತ್ತರ ಬಂದಿಲ್ಲ. ತಮ್ಮನಿಗೆ ಕೇಸಿಗಿಂತ ಬೈಕ್ ಹೋಗುವುದೇ ಜಾಸ್ತಿ ಸಂಕಟ.