ಮೂಲವ್ಯಾಧಿ ಅಂದರು, ಕ್ಯಾನ್ಸರ್ ಆಗಿತ್ತು: ಪರಿಹಾರ ಕೇಳಬಹುದಾ?

ಎರಡನೇ ಮಗಳು
ಅಮ್ಮನಿಗೆ 61 ವರ್ಷ. ಮಲದಲ್ಲಿ ರಕ್ತ ಹೋಗುತ್ತಿದೆ ಅಂತ ಹತ್ತು ತಿಂಗಳಲ್ಲಿ ನಾಲ್ಕು ಸಲ ಒಬ್ಬರೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ನಾಲ್ಕು ಸಲವೂ ಮೂಲವ್ಯಾಧಿ ಅಂದರು. ಅದೇ ಮುಲಾಮು, ಮಲ ಸಡಿಲವಾಗಲು ಅದೇ ಪುಡಿ. ಒಂದು ಸಲವೂ ಕೈಗವಸು ಹಾಕಿ ಪರೀಕ್ಷೆ ಮಾಡಲಿಲ್ಲ. ಮೂರನೇ ಸಲದ ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 8.4 ಬಂದಿತ್ತು, ಪಕ್ಕದಲ್ಲೇ ಲ್ಯಾಬಿನವರು ಕೆಳಮುಖದ ಬಾಣ ಹಾಕಿದ್ದರು. ಅದಕ್ಕೆ ಕಬ್ಬಿಣದ ಮಾತ್ರೆ ಬರೆದು ಕಳಿಸಿದರು. ಕೊನೆಗೆ ಬೇರೆ ಕಡೆ ಕೊಲೊನೋಸ್ಕೋಪಿ (ಕೊಳವೆ ಹಾಕಿ ದೊಡ್ಡಕರುಳಿನ ಒಳಗೆ ನೋಡುವ ಪರೀಕ್ಷೆ) ಮಾಡಿಸಿದಾಗ ದೊಡ್ಡಕರುಳಿನ ಕ್ಯಾನ್ಸರ್, ಮೂರನೇ ಹಂತ. ಆಪರೇಷನ್ ಆಯ್ತು, ಕೀಮೋ ನಡೀತಿದೆ. ಕೇಸು ಹಾಕೋಣ ಅಂತ ನಾನು, ಬೇಡ ಅಂತ ಅಕ್ಕ. ತಿಳಿದವರು ಹೇಳಿ.

ಬಾಯಿಬಡುಕ
ಕೇಳೋದೇನಿದೆ ಮೇಡಂ? ಇರೋ ರೋಗ ಬಿಟ್ಟು ಇಲ್ಲದ ರೋಗಕ್ಕೆ ಔಷಧಿ ಕೊಟ್ಟಿದ್ದಾರೆ, ಕೈಯಲ್ಲಿ ಚೀಟಿ ಇದೆ. ಮೊದಲು ಪೊಲೀಸ್ ಕಂಪ್ಲೇಂಟ್ ಕೊಡಿ. ಆಮೇಲೆ ಅವರೇ ಓಡಿ ಬರ್ತಾರೆ.

ಹಳೇ ಕರಿಕೋಟು
ಪೊಲೀಸ್ ಸ್ಟೇಷನ್ನಿಗೆ ಹೋಗುವ ಮುಂಚೆ ಸ್ವಲ್ಪ ನಿಲ್ಲಿ ತಾಯಿ. ಡಾಕ್ಟರ ಮೇಲೆ ಕ್ರಿಮಿನಲ್ ಕೇಸು ನಿಲ್ಲಬೇಕಾದರೆ ಸಾಮಾನ್ಯ ಅಜಾಗರೂಕತೆ ಸಾಲದು, ಘೋರ ನಿರ್ಲಕ್ಷ್ಯ ಆಗಿರಬೇಕು ಅಂತ ಭಾರತದ ಸುಪ್ರೀಂ ಕೋರ್ಟ್ 2005ರ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲೇ ಹೇಳಿದೆ. ಮುಂದುವರಿಯುವ ಮೊದಲು ತನಿಖಾಧಿಕಾರಿ ಇನ್ನೊಬ್ಬ ವೈದ್ಯರ ಸ್ವತಂತ್ರ ಅಭಿಪ್ರಾಯ ತಗೊಳ್ಳಬೇಕು ಅಂತಲೂ ಹೇಳಿದೆ. ನಿಮಗೆ ಬೇಕಿರೋದು ಪರಿಹಾರ. ಅದು ಸಿವಿಲ್ ದಾರಿ, ಇಲ್ಲವೇ ಗ್ರಾಹಕ ಆಯೋಗದ ದಾರಿ. ದುಡ್ಡು ಪಡೆದು ಕೊಡುವ ಚಿಕಿತ್ಸೆಯೂ ಗ್ರಾಹಕ ಕಾನೂನಿನ ಪ್ರಕಾರ ‘ಸೇವೆ’ಯೇ ಅಂತ 1995ರಲ್ಲಿ ವಿ. ಪಿ. ಶಾಂತಾ ಪ್ರಕರಣದಲ್ಲಿ ತೀರ್ಮಾನ ಆಗಿದೆ.

ಇನ್ನೊಂದು ಮಾತು, ಕಹಿ ಅನ್ನಿಸಬಹುದು. ರೋಗ ತಪ್ಪು ಹೇಳಿದರು ಅನ್ನೋದೊಂದರಿಂದಲೇ ನಿರ್ಲಕ್ಷ್ಯ ಸಾಬೀತಾಗೋದಿಲ್ಲ. ಅದೇ ಜಾಗದಲ್ಲಿ, ಅಷ್ಟೇ ಮಾಹಿತಿ ಇಟ್ಟುಕೊಂಡು, ಸಾಧಾರಣ ಎಚ್ಚರಿಕೆಯ ಇನ್ನೊಬ್ಬ ಡಾಕ್ಟರು ಏನು ಮಾಡುತ್ತಿದ್ದರು ಅಂತ ನೋಡ್ತಾರೆ. 1957ರಲ್ಲಿ ಇಂಗ್ಲೆಂಡಿನ ಬೋಲಮ್ ಪ್ರಕರಣದಲ್ಲಿ ಹುಟ್ಟಿದ ಅಳತೆಗೋಲು ಇದು, ಇವತ್ತಿಗೂ ಹಲವು ದೇಶಗಳಲ್ಲಿ ಚಾಲ್ತಿಯಲ್ಲಿದೆ.

ಬಾಯಿಬಡುಕ
ಅಂದ್ರೆ ಡಾಕ್ಟರು ತಪ್ಪಿದರೂ ಸರಿಯೇ ಅಂತ ಹೇಳೋಕೆ ಇನ್ನೊಬ್ಬ ಡಾಕ್ಟರು. ಚೆನ್ನಾಗಿದೆ!

ಹಳೇ ಕರಿಕೋಟು
ಆ ಅನುಮಾನ ಕೋರ್ಟಿಗೂ ಬಂದಿತ್ತು. ತಜ್ಞರು ಹಾಗಂದರು ಅಂದ ಮಾತ್ರಕ್ಕೆ ಒಪ್ಪಬೇಕಿಲ್ಲ, ಆ ಅಭಿಪ್ರಾಯಕ್ಕೆ ತರ್ಕದ ಬುಡ ಇರಬೇಕು ಅಂತ 1997ರಲ್ಲಿ ಇಂಗ್ಲೆಂಡಿನದೇ ಬೊಲಿಥೊ ಪ್ರಕರಣದಲ್ಲಿ ಹೇಳಿದರು. ಭಾರತದಲ್ಲಿ 2010ರ ಕಿಶನ್ ರಾವ್ ಪ್ರಕರಣ ನೋಡಿ. ಮಲೇರಿಯಾ ಬಂದಿದ್ದ ರೋಗಿಗೆ ಟೈಫಾಯ್ಡ್ ಚಿಕಿತ್ಸೆ ಕೊಟ್ಟಿದ್ದರು, ಜೀವ ಹೋಯ್ತು. ಎಲ್ಲ ಕೇಸಿಗೂ ತಜ್ಞರ ಸಾಕ್ಷ್ಯ ಬೇಕೇಬೇಕು ಅಂತಿಲ್ಲ, ತಪ್ಪು ತಾನಾಗಿಯೇ ಎದ್ದು ಕಾಣುವಾಗ ಬೇಡ ಅಂತ ಸುಪ್ರೀಂ ಕೋರ್ಟ್ ಹೇಳಿ, ಕೆಳಗಿನ ಗ್ರಾಹಕ ವೇದಿಕೆ ಕೊಡಿಸಿದ್ದ 2 ಲಕ್ಷ ರೂಪಾಯಿ ಪರಿಹಾರವನ್ನು ಎತ್ತಿಹಿಡಿಯಿತು.

ರಾತ್ರಿಪಾಳಿ ಡಾಕ್ಟರು
ನಾನು ಡಾಕ್ಟರ ಕಡೆಯವನು, ಮೊದಲೇ ಹೇಳಿಬಿಡ್ತೀನಿ. ರಕ್ತ ಹೋಗುತ್ತೆ ಅಂತ ಬರುವವರಲ್ಲಿ ಮೂಲವ್ಯಾಧಿಯವರೇ ಜಾಸ್ತಿ. ಮೊದಲನೇ ಸಲ ಹಾಗಂದುಕೊಂಡಿದ್ದನ್ನು ನಾನು ತಪ್ಪು ಅನ್ನಲ್ಲ. ರೋಗ ಗೊತ್ತಾದ ಮೇಲೆ ಹಿಂದಿರುಗಿ ನೋಡಿದರೆ ಎಲ್ಲವೂ ಸ್ಪಷ್ಟ, ಓಪಿಡಿಯಲ್ಲಿ ಕೂತಾಗ ಅಷ್ಟು ಸ್ಪಷ್ಟ ಇರಲ್ಲ.

ಆದರೆ ಆ 8.4 ಇದೆಯಲ್ಲ, ಅದನ್ನು ನಾನು ಸಮರ್ಥಿಸೋಕೆ ಆಗಲ್ಲ. ಅರವತ್ತು ದಾಟಿದವರಿಗೆ ಕಬ್ಬಿಣದ ಕೊರತೆಯಿಂದ ರಕ್ತಹೀನತೆ, ಜೊತೆಗೆ ಮಲದಲ್ಲಿ ರಕ್ತ. ಇವೆರಡೂ ಒಟ್ಟಿಗೆ ಕಂಡರೆ ಕರುಳಿನ ಒಳಗೆ ನೋಡಲೇಬೇಕು ಅಂತ ಎಂಬಿಬಿಎಸ್‌ನಲ್ಲೇ ಕಲಿಸ್ತಾರೆ. ಬರೀ ಕಬ್ಬಿಣದ ಮಾತ್ರೆ ಕೊಡೋದು ಅಂದ್ರೆ ತೊಟ್ಟಿ ಸೋರ್ತಿರುವಾಗ ತೂತು ಹುಡುಕದೆ ನೀರು ತುಂಬಿದ ಹಾಗೆ.

ಮೇಡಂ, ನಿಮ್ಮ ಕೇಸು ಏನಾದರೂ ಇದ್ದರೆ ಅದು ಮೂರನೇ ಭೇಟಿಯಿಂದ ಶುರು. ಮೊದಲನೇ ದಿನದಿಂದ ಎಳೆದರೆ ಎದುರಿನ ವಕೀಲರಿಗೆ ಸಲೀಸು.

ಸೋತವನು
ನಾನು ಇಂಥದ್ದೇ ಕೇಸು ಹಾಕಿ ಸೋತಿದ್ದೀನಿ. ತಂದೆಯವರ ಎದೆಯ ಎಕ್ಸ್‌ರೇಯಲ್ಲಿ ಗಂಟು ಇತ್ತು, ರಿಪೋರ್ಟಲ್ಲಿ ‘ನಾರ್ಮಲ್’ ಅಂತ ಬರೆದಿದ್ದರು. ನಿರ್ಲಕ್ಷ್ಯ ಆಗಿದೆ ಅಂತ ಒಪ್ಪಿದರು, ಅಲ್ಲಿಯವರೆಗೆ ಗೆದ್ದೆವು ಅಂದುಕೊಂಡಿದ್ವಿ. ಆಮೇಲೆ ಕೇಳಿದ ಪ್ರಶ್ನೆ ಒಂದೇ: ಆವತ್ತೇ ಕಂಡುಹಿಡಿದಿದ್ದರೆ ಬದುಕುತ್ತಿದ್ದರಾ? ನಮ್ಮ ತಜ್ಞರು ‘ಬದುಕುವ ಸಾಧ್ಯತೆ ಇತ್ತು’ ಅಂದರು. ಎಷ್ಟು ಅಂತ ಕೇಳಿದಾಗ ತಡವರಿಸಿದರು. ಮುಗೀತು.

ನಮ್ಮ ವಕೀಲರು ಆಮೇಲೆ ಬಾರ್ನೆಟ್ ಅನ್ನೋ ಇಂಗ್ಲೆಂಡಿನ ಹಳೇ ಪ್ರಕರಣ ಹೇಳಿದ್ದರು. ಮೂವರು ರಾತ್ರಿ ಕಾವಲುಗಾರರು ಚಹಾ ಕುಡಿದು ವಾಂತಿ ಮಾಡಿಕೊಳ್ತಾ ಆಸ್ಪತ್ರೆಗೆ ಹೋಗ್ತಾರೆ. ಡಾಕ್ಟರು ಎದ್ದು ಬರದೆ ಫೋನಿನಲ್ಲೇ ‘ಮನೆಗೆ ಹೋಗಿ, ನಿಮ್ಮ ಡಾಕ್ಟರಿಗೆ ತೋರಿಸಿ’ ಅಂತಾರೆ. ಒಬ್ಬ ಸತ್ತ. ಚಹಾದಲ್ಲಿ ಆರ್ಸೆನಿಕ್ ಇತ್ತು. ಡಾಕ್ಟರದು ತಪ್ಪು ಅಂತ ಕೋರ್ಟೇ ಹೇಳಿತು. ನೋಡಿದ್ದರೂ ಅಷ್ಟರೊಳಗೆ ಉಳಿಸಲು ಆಗುತ್ತಿರಲಿಲ್ಲ ಅಂತ ಹೇಳಿ ಹೆಂಡತಿಗೆ ಪರಿಹಾರ ಮಾತ್ರ ಕೊಡಲಿಲ್ಲ. ಆ ಕಥೆ ಕೇಳಿ ನನಗೆ ಸಮಾಧಾನವೇನೂ ಆಗಲಿಲ್ಲ. ನಾನೊಬ್ಬನೇ ಅಲ್ಲ ಅಂತ ಗೊತ್ತಾಯ್ತು, ಅಷ್ಟೆ.

ಎರಡನೇ ಮಗಳು
ಅಣ್ಣ, ನಿಮ್ಮ ತಂದೆಯವರ ವಿಷಯ ಓದಿ ಬೇಜಾರಾಯ್ತು. ನಮ್ಮ ಅಕ್ಕ ಹೇಳೋದೂ ಇದನ್ನೇ. ಹತ್ತು ತಿಂಗಳ ಹಿಂದೆಯೂ ಮೂರನೇ ಹಂತವೇ ಇದ್ದಿರಬಹುದು ಅಂದುಬಿಟ್ಟರೆ?

ರಾತ್ರಿಪಾಳಿ ಡಾಕ್ಟರು
ಖಂಡಿತ ಅಂತಾರೆ. ದೊಡ್ಡಕರುಳಿನ ಗಡ್ಡೆ ಸಾಮಾನ್ಯವಾಗಿ ನಿಧಾನಕ್ಕೆ ಬೆಳೆಯುತ್ತೆ, ಆ ಮಾತು ಎರಡೂ ಕಡೆಗೆ ಕೊಯ್ಯುತ್ತೆ. ಮೂರನೇ ಹಂತ ಅಂದ್ರೆ ದುಗ್ಧಗ್ರಂಥಿಗೆ (ಲಿಂಫ್ ನೋಡ್) ಹರಡಿದೆ ಅಂತ, ಆದರೆ ಅದು ಯಾವಾಗ ಹರಡಿತು ಅಂತ ಯಾರೂ ತಾರೀಖು ಹಾಕಿ ಹೇಳಲಾರರು. ಇದನ್ನು ಕ್ಯಾನ್ಸರ್ ತಜ್ಞರೇ ಬರೆದುಕೊಡಬೇಕು, ನನ್ನಂಥವನ ಮಾತು ನಡೆಯಲ್ಲ. ಬಯಾಪ್ಸಿ ರಿಪೋರ್ಟು, ಸ್ಕ್ಯಾನುಗಳ ಸಿಡಿ ಕೂಡ ಇಟ್ಟುಕೊಳ್ಳಿ, ಬರೀ ರಿಪೋರ್ಟಿನ ಹಾಳೆ ಸಾಲದು.

ಕಡತದ ಹುಳು
‘ಬದುಕುವ ಅವಕಾಶ ಕಳೆದುಕೊಂಡದ್ದು’ ಅನ್ನೋದಕ್ಕೇ ಪರಿಹಾರ ಕೊಡಬೇಕಾ ಬೇಡವಾ ಅಂತ ಲೋಕದ ಕೋರ್ಟುಗಳು ಇನ್ನೂ ಜಗಳ ಆಡ್ತಿವೆ. ಗ್ರೆಗ್ ಮತ್ತು ಸ್ಕಾಟ್ ಪ್ರಕರಣದಲ್ಲಿ ತೋಳಿನ ಕೆಳಗಿನ ಗಡ್ಡೆಯನ್ನು ಕೊಬ್ಬಿನ ಗಂಟು ಅಂತ ಹೇಳಿ ಕಳಿಸಿದ್ದರು, ಒಂಬತ್ತು ತಿಂಗಳು ತಡವಾಯ್ತು. ಗುಣವಾಗುವ ಸಾಧ್ಯತೆ ಶೇ. 42ರಿಂದ 25ಕ್ಕೆ ಇಳಿಯಿತು. ಮೊದಲೇ ಅರ್ಧಕ್ಕಿಂತ ಕಡಿಮೆ ಇತ್ತಲ್ಲ ಅಂತ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ (ಆಗ ಅಲ್ಲಿಯ ಅತ್ಯುನ್ನತ ಕೋರ್ಟು) 2005ರಲ್ಲಿ ಕೇಸು ತಳ್ಳಿಹಾಕಿತು, ಅದೂ ಮೂವರು ಒಂದು ಕಡೆ, ಇಬ್ಬರು ಇನ್ನೊಂದು ಕಡೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಶ್ವಾಸಕೋಶದ ಕ್ಯಾನ್ಸರ್ ತಡವಾಗಿ ಪತ್ತೆಯಾಗಿ ಬದುಕುವ ಸಾಧ್ಯತೆ ಶೇ. 39ರಿಂದ 25ಕ್ಕೆ ಇಳಿದಿತ್ತು. ಅಲ್ಲಿಯ ಕೋರ್ಟು 1983ರಲ್ಲಿ ಕೇಸು ಮುಂದುವರಿಯಲಿ ಅಂದಿತು. ಹೆಚ್ಚುಕಡಿಮೆ ಒಂದೇ ಲೆಕ್ಕ, ತೀರ್ಪು ಉಲ್ಟಾ.

ನ್ಯೂಜಿಲೆಂಡಿನಲ್ಲಿ ಈ ತಲೆನೋವೇ ಬೇರೆ ಥರ. 1974ರಿಂದ ಅಲ್ಲಿ ಅಪಘಾತ ಪರಿಹಾರ ಯೋಜನೆ ಇದೆ. ಈಗ ಚಿಕಿತ್ಸೆಯಿಂದ ಹಾನಿಯಾದರೆ ಡಾಕ್ಟರ ತಪ್ಪು ಸಾಬೀತು ಮಾಡದೆಯೇ ಅದರಿಂದ ಪರಿಹಾರ ಕೇಳಬಹುದು, ಬದಲಿಗೆ ನಷ್ಟಪರಿಹಾರದ ದಾವೆ ಹೂಡುವ ಹಕ್ಕು ಇಲ್ಲ. ಹಾನಿ ಆದದ್ದು ಆ ಚಿಕಿತ್ಸೆಯಿಂದಲೇ ಅಂತ ತೋರಿಸೋ ಕಷ್ಟ ಮಾತ್ರ ಅಲ್ಲೂ ತಪ್ಪಲ್ಲ.

ಬಾಯಿಬಡುಕ
ಇಷ್ಟೆಲ್ಲ ಪುರಾಣ ಕೇಳಿದರೆ ಯಾರೂ ಕೇಸೇ ಹಾಕಲ್ಲ. ಡಾಕ್ಟರುಗಳಿಗೆ ಅದೇ ಬೇಕಾಗಿರೋದು.

ಸೋತವನು
ಸರ್, ಸೋತ ನಾನೇ ಹೇಳ್ತಿದ್ದೀನಿ, ಅವರು ಹಾಕಲಿ. ನನಗೂ ಅವರಿಗೂ ಒಂದು ವ್ಯತ್ಯಾಸ ಇದೆ. ಅವರ ತಾಯಿ ಬದುಕಿದ್ದಾರೆ, ಚಿಕಿತ್ಸೆ ನಡೀತಿದೆ. ಬೇಗ ಗೊತ್ತಾಗಿದ್ದರೆ ಕೀಮೋ ಬೇಕಾಗುತ್ತಿತ್ತಾ, ಇಷ್ಟು ಕರುಳು ತೆಗೆಯಬೇಕಿತ್ತಾ, ಆ ಖರ್ಚು, ಆ ನೋವು, ಮಗಳು ಕೆಲಸ ಬಿಟ್ಟು ಕೂತ ದಿನಗಳು... ಬದುಕು-ಸಾವಿನ ಪ್ರಶ್ನೆ ಬಿಟ್ಟು ಇದನ್ನು ಕೇಳಬಹುದು. ನಾವು ‘ಪ್ರಾಣ ಉಳೀತಿತ್ತು’ ಅನ್ನೋದನ್ನೇ ಹಿಡಿದು ಕೂತೆವು.

ಹಳೇ ಕರಿಕೋಟು
ಈ ಮಾತು ಇಪ್ಪತ್ತು ವರ್ಷ ವಕೀಲಿಕೆ ಮಾಡಿದವರಿಗೂ ಹೊಳೆಯಲ್ಲ ಸ್ವಾಮಿ. ಮೂರನೇ ಭೇಟಿಯಿಂದ ಪತ್ತೆಯಾದ ದಿನದವರೆಗೆ ಎಷ್ಟು ಹೆಚ್ಚುವರಿ ಹಾನಿ, ಅದನ್ನಷ್ಟೇ ಕೇಳಿ.

ಗಡುವು ಮರೀಬೇಡಿ ತಾಯಿ. ಭಾರತದಲ್ಲಾದರೆ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಬೇಕು. ತಡವಾದರೆ ಕಾರಣ ಬರೆದುಕೊಟ್ಟು ಬೇಡಿಕೊಳ್ಳೋ ಪಾಡು. ಇವತ್ತೇ ದಾಖಲೆಗಳ ಪ್ರತಿ ಬೇಕು ಅಂತ ಅರ್ಜಿ ಕೊಡಿ. ಬಾಯಲ್ಲಿ ಕೇಳಬೇಡಿ, ಬರೆದು ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ. ಜಗಳ ಮಾತ್ರ ಮಾಡಬೇಡಿ.

ಎರಡನೇ ಮಗಳು
ನಾಲ್ಕು ದಿನದ ಮೇಲೆ ಬರೀತಿದ್ದೀನಿ. ಪ್ರತಿ ಸಿಕ್ಕಿತು. ಮೂರನೇ ಭೇಟಿಯ ಹಾಳೆಯಲ್ಲಿ ಕೊನೆಗೆ ಒಂದು ಸಾಲು ಇದೆ: ‘ಕೊಲೊನೋಸ್ಕೋಪಿ ಸೂಚಿಸಲಾಗಿದೆ, ರೋಗಿ ಒಪ್ಪಲಿಲ್ಲ.’ ಆವತ್ತು ನಮ್ಮ ಕೈಗೆ ಕೊಟ್ಟ ಚೀಟಿಯಲ್ಲಿ ಆ ಸಾಲು ಇಲ್ಲ. ಅಮ್ಮನನ್ನು ಕೇಳಿದೆ, ‘ಆ ಹೆಸರು ಕೇಳಿದ್ದೇ ಆಪರೇಷನ್ ಆದ ಆಸ್ಪತ್ರೆಯಲ್ಲಿ’ ಅಂದರು.

ರಾತ್ರಿಪಾಳಿ ಡಾಕ್ಟರು
ಆವತ್ತೇ ಬರೆದು ರೋಗಿಯ ಚೀಟಿಯಲ್ಲಿ ಬಿಟ್ಟುಹೋಗೋದೂ ಉಂಟು, ಅದನ್ನೂ ತಲೆಯಲ್ಲಿಟ್ಟುಕೊಳ್ಳಿ. ಆದರೆ ಆ ಸಾಲು ಅವರಿಗೇ ಮುಳುವಾಗಬಹುದು. ಕೊಲೊನೋಸ್ಕೋಪಿ ಬೇಕಿತ್ತು ಅಂತ ಅವರೇ ಒಪ್ಪಿಕೊಂಡ ಹಾಗಾಯ್ತಲ್ಲ.

ಹಳೇ ಕರಿಕೋಟು
ನಿಮ್ಮ ಕೈಯಲ್ಲಿರೋ ಚೀಟಿ ಈಗ ಚಿನ್ನ. ಅದರ ಮೇಲೆ ಏನೂ ಬರೀಬೇಡಿ, ಪಿನ್ನು ಹೊಡೀಬೇಡಿ, ಮಡಚಬೇಡಿ. ಎರಡೂ ಬದಿಯ ಫೋಟೊ ತೆಗೆದಿಡಿ. ಮೂಲಪ್ರತಿ ಯಾರಿಗೂ ಕೊಡಬೇಡಿ, ವಕೀಲರಿಗೂ ಜೆರಾಕ್ಸೇ ಕೊಡಿ.

ಎರಡನೇ ಮಗಳು
ಮಡಚಿ ಅಮ್ಮನ ಪರ್ಸಿನಲ್ಲಿ ಇಟ್ಟಿದ್ದೆ ಸರ್. ಈಗ ಬಿಚ್ಚಿ ಕವರಿನೊಳಗೆ ಹಾಕಿದೆ. ಅಕ್ಕನೇ ಕವರು ತಂದುಕೊಟ್ಟಳು.