ಗೊರಸು ಕಳಚಿದ ಹಂದಿ ಮತ್ತು ನಮ್ಮ ಮನೆ ಗ್ರೂಪ್

ಕಂಪ್ಲಿ ದೊಡ್ಡಪ್ಪ ಬೆಳಗ್ಗೆ ಬೆಳಗ್ಗೆ ಹಾಕಿದ ಫಾರ್ವರ್ಡ್ ಇದು: "ಎಚ್ಚರ! ಹಂದಿ ಮೇವಿನಲ್ಲಿ ಕ್ಯಾಡ್ಮಿಯಂ, ಸೀಸ! ಗೊರಸು ಕಳಚಿ ಬೀಳುತ್ತಿವೆ. ತಿಂದವರ ಕಿಡ್ನಿ ಹೋಗುತ್ತದೆ!" ಜೊತೆಗೆ ಕೆಂಪು ಬಾಣದ ಗುರುತಿನ ಒಂದು ಮಸುಕು ಫೋಟೊ.

ರಾಯಚೂರು ಅಕ್ಕ ಹೈಸ್ಕೂಲಿನಲ್ಲಿ ಸೈನ್ಸ್ ಟೀಚರ್. ಬಿಡುವವಳಲ್ಲ.

"ದೊಡ್ಡಪ್ಪ, ಯಾವ ಊರಿನದು ಇದು? ಯಾವ ಲ್ಯಾಬ್ ಹೇಳಿದ್ದು? ಕೆಜಿಗೆ ಎಷ್ಟು ಮಿಲಿಗ್ರಾಂ?"

"ಹಿರಿಯರು ಒಂದು ಮಾತು ಹೇಳಿದರೆ ನಿನಗೆ ರಸೀದಿ ಬೇಕು. ದುಡ್ಡಿನ ಆಸೆಗೆ ಕಂಡಿದ್ದೆಲ್ಲ ಸಾಕಿದರೆ ಹೀಗೇ ಆಗೋದು."

ಈ ಬಾಣ ಯಾರ ಕಡೆಗೆ ಅಂತ ಎಲ್ಲರಿಗೂ ಗೊತ್ತು. ಗಂಗಾವತಿ ಅಣ್ಣ ಹಂದಿ ಶೆಡ್ ಹಾಕಿದ್ದಾನೆ.

ಅಣ್ಣ: "ನನ್ನ ಹೆಸರೇ ಹಾಕಿಬಿಡಿ ದೊಡ್ಡಪ್ಪ. ಸಾಲಕ್ಕೆ ಜಾಮೀನು ಕೇಳಿದಾಗಲೂ ಹೀಗೇ ಸುತ್ತಿ ಬಳಸಿ ಮಾತಾಡಿದ್ರಿ."

ಪಶುವೈದ್ಯ ಭಾವ ಉದ್ದಕ್ಕೆ ಬರೆದರು. ಪೂರ್ತಿ ಓದಿದವರು ಅಕ್ಕ, ನಾನು ಇಬ್ಬರೇ ಇರಬೇಕು.

"ಗೊರಸು ಕಳಚುವುದು, ಕೂದಲು ಉದುರುವುದು ಮೇವಿನಲ್ಲಿ ಸೆಲೆನಿಯಂ ಅನ್ನೋ ಖನಿಜ ಜಾಸ್ತಿಯಾದಾಗ. ಕ್ಯಾಡ್ಮಿಯಂ ಹಾಗೆ ಕಣ್ಣಿಗೆ ಕಾಣಿಸುವುದಿಲ್ಲ. ಕಿಡ್ನಿ, ಲಿವರ್‌ನಲ್ಲಿ ನಿಧಾನಕ್ಕೆ ಕೂಡುತ್ತಾ ಹೋಗುತ್ತದೆ. ಮಾಂಸದಲ್ಲಿ ಅಷ್ಟು ಸೇರುವುದಿಲ್ಲ. ಸೀಸ ಎಲುಬಿಗೆ ಹೋಗುತ್ತದೆ. ಹಂದಿಗೆ ರಕ್ತ ಕಡಿಮೆಯಾಗಬಹುದು, ತೂಕ ಏರದೇ ಇರಬಹುದು. ಇನ್ನು ತಾಮ್ರ, ಸತು (ಜಿಂಕ್) ಇವನ್ನು ಮೇವಿಗೆ ಬೇಕಂತಲೇ ಹಾಕುತ್ತಾರೆ. ಮರಿಗಳ ಭೇದಿಗೆ ಜಾಸ್ತಿ ಜಿಂಕ್ ಆಕ್ಸೈಡ್ ಕೊಡುವುದನ್ನು ಯುರೋಪಿನವರು 2022ರ ಜೂನ್‌ನಲ್ಲಿ ನಿಲ್ಲಿಸಿದರು. ಸಗಣಿಯ ಜೊತೆ ಅದು ಹೊಲದ ಮಣ್ಣಿಗೆ ಸೇರುತ್ತಿತ್ತು."

ಇದಕ್ಕೆ ಚಿಕ್ಕಮ್ಮ ಕೈಮುಗಿದು ಬರೆದರು: "ಆಗಿನ ಕಾಲದ ಮೇವೇ ಬೇರೆ. ನಮ್ಮಪ್ಪ ಮಿಲ್ಲಿಂದ ತೌಡು, ಹತ್ತಿಕಾಳು ತರುತ್ತಿದ್ದರು. ಗೌರಿ ಎಮ್ಮೆ ಹಾಲು ಎಷ್ಟು ಗಟ್ಟಿ ಇತ್ತು!"

ಬೆಂಗಳೂರಿನ ತಮ್ಮ: "ಗೌರಿ ನನ್ನ ಕಾಲು ತುಳಿದಿದ್ದು ಯಾರಿಗಾದರೂ ನೆನಪಿದೆಯಾ?"

ಎಲ್ಲರಿಗೂ ನೆನಪಿತ್ತು. ಇಪ್ಪತ್ತು ಮೆಸೇಜ್ ಗೌರಿಯದೇ. ತುಳಿದಿದ್ದು ಎಡಗಾಲೋ ಬಲಗಾಲೋ ಅಂತ ಒಂದು ಸಣ್ಣ ಜಗಳವೂ ಆಯಿತು.

ಸದ್ದು ತಗ್ಗಿದ ಮೇಲೆ ಅಣ್ಣ ಕೇಳಿದ: "ಭಾವ, ನಾನೀಗ ಏನು ನೋಡಬೇಕು?"

"ಮೊದಲು ಮಿನರಲ್ ಮಿಕ್ಸ್ಚರ್ ನೋಡು, ಮೇವಿಗೆ ಬೆರೆಸುವ ಖನಿಜದ ಪುಡಿ. ಅದರ ರಂಜಕ ಬರುವುದು ಕಲ್ಲಿನಿಂದ. ಆ ಕಲ್ಲಿನಲ್ಲೇ ಕ್ಯಾಡ್ಮಿಯಂ ಇರುತ್ತದೆ. ಸರಿಯಾಗಿ ಶುದ್ಧ ಮಾಡದಿದ್ದರೆ ಮೇವಿಗೂ ಬರುತ್ತದೆ. ಅಂಗಡಿಯವರು ಬಿಡಿಯಾಗಿ ತೂಗಿ ಕೊಡುವುದು ಬೇಡ. ಐಎಸ್‌ಐ ಗುರುತಿರುವ ಚೀಲ ತಗೋ."

"ಬಿಡಿಯಾಗಿಯೇ ತರ್ತಿದ್ದೆ. ದೊಡ್ಡಪ್ಪ ತಮ್ಮ ಹಸುಗಳಿಗೆ ತರುವ ಅಂಗಡಿಯಿಂದಲೇ."

ದೊಡ್ಡಪ್ಪ ಟೈಪ್ ಮಾಡಿದರು. ನಿಲ್ಲಿಸಿದರು. ಮತ್ತೆ ಮಾಡಿದರು.

"ಹಸುವಿನ ವಿಷಯ ಬೇರೆ."

ಭಾವ: "ಬೇರೆ ಅಲ್ಲ ಮಾವ. ಹಸುವಿನ ಕಿಡ್ನಿಯಲ್ಲೂ ಕೂಡುತ್ತದೆ."

ಅಕ್ಕ: "ಹಾಗಾದ್ರೆ ಹಸುವಿನ ಫೋಟೊಗೆ ಬಾಣ ಹಾಕಿ ನಾನೂ ಫಾರ್ವರ್ಡ್ ಮಾಡಲಾ?"

ದೊಡ್ಡಪ್ಪ: "ನೀನು ಹೋದ ವರ್ಷ ಊರ ಜಾತ್ರೆಗೆ ಯಾಕೆ ಬರಲಿಲ್ಲ? ಮೊದಲು ಅದಕ್ಕೆ ಉತ್ತರ ಕೊಡು."