ಆರ್ ಚಿತ್ರಕ್ಕೆ ಹದಿಮೂರರ ಮಗನನ್ನು ಕಳಿಸಬಹುದೇ?

ಹೊಸ ಸದಸ್ಯೆ, ಟೆಕ್ಸಸ್:
ಎಲ್ಲರಿಗೂ ನಮಸ್ಕಾರ. ನಾವು ಈ ದೇಶಕ್ಕೆ ಹೊಸಬರು. ಮಗನಿಗೆ ಹದಿಮೂರು ವರ್ಷ. ಅವನ ತರಗತಿಯ ನಾಲ್ಕೈದು ಹುಡುಗರು ಈ ಶನಿವಾರ ಸಿನಿಮಾಕ್ಕೆ ಹೊರಟಿದ್ದಾರೆ. ಒಬ್ಬ ಹುಡುಗನ ತಂದೆ ಎಲ್ಲರನ್ನೂ ಕರೆದುಕೊಂಡು ಹೋಗುತ್ತಾರಂತೆ. ಚಿತ್ರಕ್ಕೆ ‘ಆರ್’ ಎಂಬ ರೇಟಿಂಗ್ ಕೊಟ್ಟಿದ್ದಾರೆ. ಕಾರಣದ ಜಾಗದಲ್ಲಿ ‘ಲ್ಯಾಂಗ್ವೇಜ್’ ಎಂದಷ್ಟೇ ಬರೆದಿದೆ. ಆರ್ ಎಂದರೆ ನಮ್ಮ ‘ಎ’ ಇದ್ದ ಹಾಗೆ ಎಂದುಕೊಂಡು ಬೇಡವೆಂದೆ. ಅಂದಿನಿಂದ ಮಗ ಮುಖ ಕೊಟ್ಟು ಮಾತನಾಡುತ್ತಿಲ್ಲ.

ಇನ್ನೊಂದು ಗೊಂದಲ. ಕಳೆದ ತಿಂಗಳು ಅದೇ ಚಿತ್ರಮಂದಿರದಲ್ಲಿ ಒಂದು ಕನ್ನಡ ಚಿತ್ರಕ್ಕೆ ಇಡೀ ಕುಟುಂಬ ಹೋಗಿದ್ದೆವು. ಅದಕ್ಕೆ ಯಾವ ಅಕ್ಷರವೂ ಇರಲಿಲ್ಲ, ಬೈಗುಳಕ್ಕೆ ಮಾತ್ರ ಬರವಿರಲಿಲ್ಲ. ಅತ್ತೆ, ಮಾವ ಪಕ್ಕದಲ್ಲೇ ಕುಳಿತಿದ್ದರು. ‘ಅದನ್ನು ನೀವೇ ತೋರಿಸಿದಿರಿ, ಇದು ಯಾಕೆ ಬೇಡ?’ ಎಂದು ಮಗ ಕೇಳುತ್ತಾನೆ. ಆರ್ ಎಂದರೆ ನಿಜವಾಗಿ ಏನು? ಕಳಿಸಬಹುದೇ? ಶುಕ್ರವಾರ ರಾತ್ರಿಯೊಳಗೆ ಆ ತಂದೆಗೆ ಉತ್ತರ ಹೇಳಬೇಕು.

ಬಾಸ್ಟನ್ ಅಕ್ಕ:
ಆರ್ ಎಂದರೆ ಎ ಅಲ್ಲ, ಮೊದಲು ಅದು ತಿಳಿಯಾಗಲಿ. ಭಾರತದಲ್ಲಿ ಎ ಪ್ರಮಾಣಪತ್ರದ ಚಿತ್ರಕ್ಕೆ ಹದಿನೆಂಟು ತುಂಬದವರು ಅಪ್ಪ, ಅಮ್ಮನ ಕೈ ಹಿಡಿದು ಬಂದರೂ ಒಳಗೆ ಬಿಡುವಂತಿಲ್ಲ. ಇಲ್ಲಿಯ ಆರ್ ಚಿತ್ರವನ್ನು ಹದಿನೇಳಕ್ಕಿಂತ ಚಿಕ್ಕವರು ತಂದೆ ತಾಯಿಯ ಅಥವಾ ಹೊಣೆ ಹೊತ್ತ ಹಿರಿಯರೊಬ್ಬರ ಜೊತೆ ನೋಡಬಹುದು. ಇದು ಸರ್ಕಾರದ ಕಾನೂನೂ ಅಲ್ಲ. 1968ರಿಂದ ಚಿತ್ರೋದ್ಯಮ ತಾನೇ ನಡೆಸಿಕೊಂಡು ಬಂದಿರುವ ಏರ್ಪಾಡು. ಚಿತ್ರಮಂದಿರದವರು ಒಪ್ಪಿಕೊಂಡು ಪಾಲಿಸುತ್ತಾರೆ. ಚಿತ್ರ ನೋಡಿ ಅಕ್ಷರ ಕೊಡುವವರು ಮಕ್ಕಳಿರುವ ತಂದೆ ತಾಯಂದಿರೇ.

ಬೈಗುಳಕ್ಕೆ ಅವರದೊಂದು ವಿಚಿತ್ರ ಲೆಕ್ಕವಿದೆ. ಲೈಂಗಿಕ ಮೂಲದ ಆ ಒಂದು ಕಟು ಪದ (ಬರೆಯಬೇಕಿಲ್ಲ, ನಿಮ್ಮ ಮಗನಿಗೆ ಗೊತ್ತಿರುತ್ತದೆ) ಸಿಟ್ಟಿನ ಉದ್ಗಾರವಾಗಿ ಒಮ್ಮೆ ಬಂದರೆ ಕನಿಷ್ಠ ಪಿಜಿ-13 (ಆರ್‌ಗಿಂತ ಒಂದು ಮೆಟ್ಟಿಲು ಕೆಳಗಿನದು, ಹದಿಮೂರರ ಒಳಗಿನವರ ವಿಷಯದಲ್ಲಿ ತಂದೆ ತಾಯಿ ಎಚ್ಚರ ವಹಿಸಲಿ ಎಂಬ ಸೂಚನೆ). ಒಂದಕ್ಕಿಂತ ಹೆಚ್ಚು ಸಲ ಬಂದರೆ ಆರ್. ಲೈಂಗಿಕ ಅರ್ಥದಲ್ಲೇ ಬಂದರೆ ಒಂದು ಸಲಕ್ಕೂ ಆರ್. ಮಂಡಳಿಯ ಮೂರನೇ ಎರಡರಷ್ಟು ಸದಸ್ಯರು ವಿಶೇಷವಾಗಿ ಮತ ಹಾಕಿದರೆ ಮಾತ್ರ ವಿನಾಯಿತಿ. ಹಾಗಾಗಿ ಬರೀ ‘ಲ್ಯಾಂಗ್ವೇಜ್’ ಎಂದಿದ್ದರೆ, ಆರ್ ಬಂದದ್ದು ಮಾತಿನಿಂದ, ರಕ್ತಪಾತದಿಂದಲೋ ಬೆತ್ತಲೆ ದೃಶ್ಯದಿಂದಲೋ ಅಲ್ಲ. ಆ ಪದದ ಮುಂದೆ ‘ಸಮ್’ ಇದೆಯೋ ‘ಪರ್ವೇಸಿವ್’ ಇದೆಯೋ ನೋಡಿ. ಮೊದಲನೆಯದಾದರೆ ಅಲ್ಲಲ್ಲಿ, ಎರಡನೆಯದಾದರೆ ಉದ್ದಕ್ಕೂ. ನನ್ನ ಮಗಳಿಗೆ ಈ ವಯಸ್ಸಿದ್ದಾಗ ಮೊದಲನೆಯ ಬಗೆಯದಕ್ಕೆ ಕಳಿಸುತ್ತಿದ್ದೆ, ಎರಡನೆಯದಕ್ಕೆ ಜೊತೆಯಲ್ಲಿ ಹೋಗುತ್ತಿದ್ದೆ.

ಕನ್ನಡ ಚಿತ್ರಕ್ಕೆ ಅಕ್ಷರ ಇಲ್ಲದ್ದು ತಪ್ಪಲ್ಲ. ಇಲ್ಲಿ ರೇಟಿಂಗ್ ಪಡೆಯುವುದು ಐಚ್ಛಿಕ, ನಮ್ಮ ಚಿತ್ರಗಳು ಹೆಚ್ಚಾಗಿ ಅದಿಲ್ಲದೆಯೇ ಬರುತ್ತವೆ. ಹೋಗುವ ಮುನ್ನ ಭಾರತದಲ್ಲಿ ಏನು ಕೊಟ್ಟಿದ್ದಾರೆಂದು ಹುಡುಕಿ. ಈಗ ಅಲ್ಲಿಯೂ ಯುಎ ಎಂದು ಒಟ್ಟಾಗಿ ಬಿಡದೆ 7+, 13+, 16+ ಎಂದು ಒಡೆದಿದ್ದಾರೆ. 2023ರ ತಿದ್ದುಪಡಿಯಲ್ಲಿ ಬಂದದ್ದು. ಮೊದಲಿಗಿಂತ ಎಷ್ಟೋ ಮೇಲು.

ಇಬ್ಬರು ಹೆಣ್ಣುಮಕ್ಕಳ ಅಪ್ಪ:
ಅಕ್ಕ ಹೇಳಿದ್ದೇ ಸರಿ. ನನ್ನದು ಬೇರೆ ಸಂಕಟ. ದೊಡ್ಡವಳು ಕೆಲಸಕ್ಕೆ ಸೇರಿ ಬೇರೆ ಊರಿನಲ್ಲಿದ್ದಾಳೆ. ಕನ್ನಡ ಮಾತನಾಡು ಎಂದರೆ ಇಂಗ್ಲಿಷಿನಲ್ಲಿ ಉತ್ತರ. ಆದರೆ ಸಿಟ್ಟು ಬಂದಾಗ ಮಾತ್ರ ಖಳನಾಯಕನ ಸಂಭಾಷಣೆ ಅಚ್ಚಗನ್ನಡದಲ್ಲಿ, ಉಚ್ಚಾರದಲ್ಲಿ ಒಂದು ದೋಷವಿಲ್ಲದೆ ಹೊರಗೆ ಬರುತ್ತದೆ. ಕಥೆ ಹೇಳಿದೆವು, ಪದ್ಯ ಬಾಯಿಪಾಠ ಮಾಡಿಸಿದೆವು. ಉಳಿದದ್ದು ಇದು. ನಗಬೇಕೋ ಅಳಬೇಕೋ ತಿಳಿಯುತ್ತಿಲ್ಲ.

ಹಿರಿಯ ಸದಸ್ಯ, ಕ್ಯಾಲಿಫೋರ್ನಿಯಾ:
ತಂಗಿ, ನಿಮ್ಮ ಪ್ರಶ್ನೆಯೇ ತಪ್ಪು ಜಾಗದಿಂದ ಹೊರಟಿದೆ. ಆ ಅಕ್ಷರಗಳನ್ನು ನಂಬುವುದೇಕೆ? ಮಂಡಳಿಯನ್ನು ನಡೆಸುವುದು ಯಾರು? ದೊಡ್ಡ ಸ್ಟುಡಿಯೋಗಳ ಸಂಘ. ಮನುಷ್ಯರನ್ನು ಸಾಲು ಸಾಲಾಗಿ ಗುಂಡಿಟ್ಟು ಕೊಂದರೂ ರಕ್ತ ಕಾಣದಿದ್ದರೆ ಪಿಜಿ-13, ಕಾಲೆಡವಿದವನು ಆ ಪದವನ್ನು ಎರಡು ಸಲ ಅಂದರೆ ಆರ್. ಇದು ನ್ಯಾಯವೇ? ಪಿಜಿ-13 ಹುಟ್ಟಿದ ಕಥೆ ಕೇಳಿ. 1984ರಲ್ಲಿ ಇಂಡಿಯಾನಾ ಜೋನ್ಸ್ ಸರಣಿಯ ಎರಡನೆಯ ಚಿತ್ರ ಬಂತು. ನಮ್ಮ ದೇಶದಲ್ಲೇ ನಡೆಯುವ ಕಥೆ, ನಮ್ಮನ್ನು ಎಷ್ಟು ಕೀಳಾಗಿ ತೋರಿಸಿದ್ದಾರೆಂದು ನೋಡಿದವರಿಗೆ ಗೊತ್ತು. ಬದುಕಿರುವವನ ಎದೆಗೆ ಕೈಹಾಕಿ ಹೃದಯ ಕೀಳುವ ದೃಶ್ಯವಿದ್ದ ಆ ಚಿತ್ರಕ್ಕೆ ಕೊಟ್ಟದ್ದು ಪಿಜಿ, ಅಂದರೆ ತಂದೆ ತಾಯಿಯ ಮಾರ್ಗದರ್ಶನವಿದ್ದರೆ ಒಳ್ಳೆಯದು ಎಂಬ ಸಡಿಲ ಸೂಚನೆ! ತಂದೆ ತಾಯಂದಿರು ಗಲಾಟೆ ಮಾಡಿದ ಮೇಲೆ ಪಿಜಿಗೂ ಆರ್‌ಗೂ ನಡುವೆ ಇನ್ನೊಂದು ಮೆಟ್ಟಿಲು ಕಟ್ಟಿದರು. ಹಿಂಸೆಯ ವಿಷಯಕ್ಕೆ ಕಟ್ಟಿದ ಮೆಟ್ಟಿಲ ಮೇಲೆ ಈಗ ಹಿಂಸೆ ಹಾಯಾಗಿ ಕುಳಿತಿದೆ, ಮಾತನ್ನು ಆರ್‌ಗೆ ತಳ್ಳಿದ್ದಾರೆ.

2012ರಲ್ಲಿ ‘ಬುಲ್ಲಿ’ ಎಂಬ ಸಾಕ್ಷ್ಯಚಿತ್ರ ಬಂತು. ಶಾಲೆಯಲ್ಲಿ ಮಕ್ಕಳು ಮಕ್ಕಳನ್ನೇ ಕಾಡಿಸುವುದರ ಬಗ್ಗೆ. ಮಕ್ಕಳು ನಿಜವಾಗಿ ಆಡಿದ ಮಾತುಗಳೇ ಅದರಲ್ಲಿ ಇದ್ದವು. ಅದಕ್ಕೆ ಆರ್! ಯಾರು ನೋಡಬೇಕಿತ್ತೋ ಅವರೇ ಒಂಟಿಯಾಗಿ ನೋಡುವಂತಿಲ್ಲ. ಕೊನೆಗೆ ಕೆಲವು ಕಡೆ ಆ ಪದ ತೆಗೆದ ಮೇಲೆ ಪಿಜಿ-13 ಸಿಕ್ಕಿತು. ನನ್ನ ಮಾತು ಕೇಳಿ, ಮಗನನ್ನು ಕಳಿಸಿ. ಬೈಗುಳ ಕೇಳಿದ ಕಿವಿ ಕೆಡುವುದಿಲ್ಲ, ಕೊಲೆಯನ್ನು ಆಟವೆಂದು ನೋಡಿದ ಕಣ್ಣು ಕೆಡುತ್ತದೆ. ನಮ್ಮವರು ಮಕ್ಕಳಿಗೆ ಬಂದೂಕಿನ ವಿಡಿಯೋ ಗೇಮ್ ಕೊಡಿಸಿ, ಒಂದು ಕೆಟ್ಟ ಪದಕ್ಕೆ ಗುಂಪಿಗೆ ಬಂದು ಗೋಳಾಡುತ್ತಾರೆ.

ಲಂಡನ್ ಕನ್ನಡಿಗ:
ರಾಯರೇ, ಅವರು ಗೋಳಾಡಿಲ್ಲ, ಕೇಳಿದ್ದಾರೆ ಅಷ್ಟೇ. ಬ್ರಿಟನ್ನಿನಲ್ಲಿ ಲೆಕ್ಕಕ್ಕಿಂತ ಸಂದರ್ಭಕ್ಕೆ ಬೆಲೆ. ‘ದ ಕಿಂಗ್ಸ್ ಸ್ಪೀಚ್’ ನೆನಪಿರಬಹುದು. ಉಗ್ಗುವ ದೊರೆಗೆ ಮಾತು ಕಲಿಸುವ ಚಿಕಿತ್ಸಕ ಅವನಿಂದ ಬೇಕೆಂದೇ ಬೈಗುಳದ ಸರಮಾಲೆ ಆಡಿಸುತ್ತಾನೆ. ಯಾರ ಮೇಲೂ ಸಿಟ್ಟಿಲ್ಲ, ಯಾರಿಗೂ ನೋವಿಲ್ಲ. ನಿಮ್ಮಲ್ಲಿ ಅದಕ್ಕೆ ಆರ್. ಇಲ್ಲಿ ಮೊದಲು 15 ಕೊಟ್ಟರು, ಮೇಲ್ಮನವಿಯ ನಂತರ 12ಎಗೆ ಇಳಿಸಿದರು. 2011ರಲ್ಲಿ ಅಮೆರಿಕಕ್ಕಾಗಿಯೇ ಕೆಲವು ಪದಗಳ ಸದ್ದಡಗಿಸಿ ಪಿಜಿ-13 ಪ್ರತಿ ತಯಾರಿಸಿದರು. ಚಿತ್ರದ ಉಸಿರೇ ಆ ದೃಶ್ಯ!

ಆದರೆ ನಮ್ಮ ಕಡೆ ಬಿಗಿಯೂ ಹೆಚ್ಚು. 12ಎಗೆ ಚಿಕ್ಕ ಮಕ್ಕಳನ್ನು ದೊಡ್ಡವರು ಕರೆದುಕೊಂಡು ಹೋಗಬಹುದು. 15 ಎಂದರೆ 15, ಅಮ್ಮ ಜೊತೆಗಿದ್ದರೂ ಹದಿನಾಲ್ಕರವನಿಗೆ ಪ್ರವೇಶವಿಲ್ಲ. ಕನ್ನಡ ಚಿತ್ರವೂ ಇಲ್ಲಿಯ ರೇಟಿಂಗ್ ಮಂಡಳಿ ಬಿಬಿಎಫ್‌ಸಿಯ ಅಕ್ಷರ ಪಡೆದೇ ತೆರೆಗೆ ಬರುತ್ತದೆ. ಆ ಮಂಡಳಿಯ ಜಾಲತಾಣದಲ್ಲಿ ಬೈಗುಳ ಯಾವ ಮಟ್ಟದ್ದು, ಬೆದರಿಕೆ ಎಷ್ಟು ಎಂದೆಲ್ಲ ಬಿಡಿಸಿ ಬರೆದಿರುತ್ತಾರೆ. ಅಮೆರಿಕದಲ್ಲಿರುವವರೂ ಇಂಗ್ಲಿಷ್ ಚಿತ್ರಗಳಿಗೆ ಅದನ್ನು ಓದಿಕೊಳ್ಳಬಹುದು. ನಾನು ಅದನ್ನು ಓದದೆ ಮಕ್ಕಳ ಟಿಕೆಟ್ ತೆಗೆಯುವುದಿಲ್ಲ.

ಹಳೆಯ ಮೇಷ್ಟ್ರು:
ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹುಡುಗನನ್ನು ಭಾನುವಾರದ ಕನ್ನಡ ತರಗತಿಗೆ ಸೇರಿಸಿ. ಉಳಿದದ್ದು ತಾನಾಗಿ ಸರಿಯಾಗುತ್ತದೆ.

ಬಾಸ್ಟನ್ ಅಕ್ಕ:
ಮೇಷ್ಟ್ರೇ, ವೀಸಾ ಪ್ರಶ್ನೆಗೂ ನೀವು ಕನ್ನಡ ತರಗತಿಯನ್ನೇ ಸೂಚಿಸಿದ್ದಿರಿ.

ಹಳೆಯ ಮೇಷ್ಟ್ರು:
ಅದು ತಪ್ಪು ಎಂದು ಈವರೆಗೆ ಯಾರೂ ಸಾಧಿಸಿ ತೋರಿಸಿಲ್ಲ.

ವೈದ್ಯನ ತಾಯಿ, ನ್ಯೂಜೆರ್ಸಿ:
ನಾವು ಮಗನಿಗೆ ಹದಿನೇಳು ತುಂಬುವವರೆಗೆ ಪಿಜಿ ದಾಟಲು ಬಿಡಲಿಲ್ಲ. ಮನೆಯಲ್ಲಿ ಟಿವಿಗೂ ಬೀಗ. ಟಿವಿ-14 (ಹದಿನಾಲ್ಕರ ಒಳಗಿನವರಿಗೆ ತಕ್ಕದ್ದಲ್ಲದಿರಬಹುದು ಎಂಬ ಟಿವಿಯ ಗುರುತು) ಎಂದು ಕಂಡರೆ ಪಕ್ಕದಲ್ಲಿ ಎಲ್ ಇದೆಯೇ ಎಂದು ನೋಡುತ್ತಿದ್ದೆ. ಎಲ್ ಎಂದರೆ ಒರಟು ಮಾತು, ವಿ ಎಂದರೆ ಹಿಂಸೆ, ಎಸ್ ಎಂದರೆ ಲೈಂಗಿಕ ದೃಶ್ಯ, ಡಿ ಎಂದರೆ ಸಂಭಾಷಣೆಯಲ್ಲಿ ಸೂಚ್ಯವಾಗಿ ಬರುವುದು. ಈಗ ಅವನು ವೈದ್ಯ. ಅವನ ಬಾಯಲ್ಲಿ ಇಂದಿಗೂ ಒಂದು ಕೆಟ್ಟ ಮಾತು ಕೇಳಿಲ್ಲ. ಶಿಸ್ತು ಇಟ್ಟರೆ ಇಡಬಹುದು, ಹೇಳುವವರು ಸಾವಿರ ಹೇಳುತ್ತಾರೆ.

ಇಬ್ಬರು ಹೆಣ್ಣುಮಕ್ಕಳ ಅಪ್ಪ:
ನೀವು ಕೇಳಿಲ್ಲ, ಸರಿ. ಶಸ್ತ್ರಚಿಕಿತ್ಸಾ ಕೊಠಡಿಯ ದಾದಿಯರು ಏನು ಕೇಳಿದ್ದಾರೋ!

ವೈದ್ಯನ ತಾಯಿ, ನ್ಯೂಜೆರ್ಸಿ:
ಇದು ತಮಾಷೆಯ ವಿಷಯವಲ್ಲ.

ಹಿರಿಯ ಸದಸ್ಯ, ಕ್ಯಾಲಿಫೋರ್ನಿಯಾ:
ನೋಡಿ, ಇದನ್ನೇ ನಾನು ಹೇಳುತ್ತಿರುವುದು. ಎಲ್‌ಗೆ ಬೀಗ ಹಾಕಿದಿರಿ, ವಿಗೆ ಹಾಕಿದಿರಾ? ನಮ್ಮ ಕನ್ನಡ ಚಿತ್ರಗಳನ್ನೇ ತೆಗೆದುಕೊಳ್ಳಿ. ಮಚ್ಚು ಬೀಸಿದರೆ ಚಪ್ಪಾಳೆ, ಬೈಗುಳ ಬಂದರೆ ಸೆನ್ಸಾರ್ ಮಂಡಳಿಯ ಮ್ಯೂಟ್. ತುಟಿ ಅಲ್ಲಾಡುತ್ತದೆ, ಸದ್ದಿಲ್ಲ. ಪಕ್ಕದಲ್ಲಿ ಕುಳಿತ ಮಗು ‘ಏನಂದ?’ ಎಂದು ಕೇಳುತ್ತದೆ. ಕೇಳಿಸಿದ್ದರೆ ಗಮನಕ್ಕೂ ಬರುತ್ತಿರಲಿಲ್ಲ! 2015ರಲ್ಲಂತೂ ಯಾವ ಯಾವ ಪದ ಬೇಡವೆಂದು ಒಂದು ಪಟ್ಟಿಯನ್ನೇ ಹೊರಡಿಸಿದ್ದರು. ಮಂಡಳಿಯ ಸದಸ್ಯರೇ ವಿರೋಧಿಸಿದ ಮೇಲೆ ಅದು ಮೂಲೆ ಸೇರಿತು. ಪದ ಹುಡುಕಿ ಹೆಕ್ಕುವ ಈ ಚಟ ಅಲ್ಲಿಯೂ ಇದೆ, ಇಲ್ಲಿಯೂ ಇದೆ.

ಸ್ವೀಡನ್ ಸೊಸೆ:
ನಮ್ಮಲ್ಲಿ ನಿಮ್ಮ ವಾದವೇ ಕಾನೂನು, ಸರ್. ಇಲ್ಲಿಯ ಮಿತಿಗಳು 7, 11, 15, ಅಷ್ಟೇ. ಮಗುವಿನ ನೆಮ್ಮದಿಗೆ ಹಾನಿಯಾಗುತ್ತದೆಯೇ ಎಂಬುದನ್ನು ನೋಡುತ್ತಾರೆ, ಭಯ ಮತ್ತು ಕ್ರೌರ್ಯದ ಕಡೆಗೇ ಅವರ ಗಮನ. 2011ರಿಂದ ದೊಡ್ಡವರ ಚಿತ್ರಗಳಿಗೆ ಸೆನ್ಸಾರ್ ಪೂರ್ತಿ ನಿಂತಿದೆ. ಹನ್ನೊಂದು ತುಂಬಿದ ಮಗು ದೊಡ್ಡವರೊಬ್ಬರ ಜೊತೆ 15ರ ಚಿತ್ರಕ್ಕೂ ಹೋಗಬಹುದು. ಇಲ್ಲಿಗೆ ಬಂದ ಹೊಸತರಲ್ಲಿ ನನಗೆ ಗಾಬರಿಯಾಗಿತ್ತು. ಈಗ ನನ್ನ ಮಗಳು ಆ ಮಾತುಗಳನ್ನು ಕೇಳಿ ಸುಮ್ಮನಿರುತ್ತಾಳೆ, ಕತ್ತಲ ಕಾಡಿನ ದೃಶ್ಯ ಬಂದರೆ ನನ್ನ ತೋಳು ಹಿಡಿಯುತ್ತಾಳೆ.

ವೈದ್ಯನ ತಾಯಿ, ನ್ಯೂಜೆರ್ಸಿ:
ಸ್ವೀಡನ್ನಿನ ನೀತಿ ಸ್ವೀಡನ್ನಿಗೆ. ಇಲ್ಲಿ ಹುಡುಗ ತರಗತಿಯಲ್ಲಿ ಆ ಪದ ಆಡಿದರೆ ಪ್ರಾಂಶುಪಾಲರ ಕೊಠಡಿಗೆ ಹೋಗುವವರು ನೀವಲ್ಲ, ಅವನ ತಾಯಿ.

ಹಿರಿಯ ಸದಸ್ಯ, ಕ್ಯಾಲಿಫೋರ್ನಿಯಾ:
ಆಡುವವನು ಸಿನಿಮಾದಿಂದ ಕಲಿಯುವುದಿಲ್ಲ, ಶಾಲಾ ಬಸ್ಸಿನಲ್ಲಿ ಕಲಿಯುತ್ತಾನೆ. ಶಾಲಾ ಬಸ್ಸಿಗೆ ರೇಟಿಂಗ್ ಕೊಡಿಸುತ್ತೀರಾ?

ಗುಂಪಿನ ನಿರ್ವಾಹಕಿ:
ಹಿಂಸೆ ದೊಡ್ಡದೋ ಬೈಗುಳ ದೊಡ್ಡದೋ ಎಂಬುದಕ್ಕೆ ಬೇರೆ ಚರ್ಚೆ ತೆರೆದಿದ್ದೇನೆ, ದಯವಿಟ್ಟು ಅಲ್ಲಿಗೆ ಹೋಗಿ. ಕೇಳಿದವರಿಗೆ ಶುಕ್ರವಾರದ ಗಡುವು ಇದೆ.

ಹಿರಿಯ ಸದಸ್ಯ, ಕ್ಯಾಲಿಫೋರ್ನಿಯಾ:
ಅಲ್ಲಿಯೂ ಬರೆದಿದ್ದೇನೆ. ಆದರೆ ಇಲ್ಲಿ ಆರಂಭವಾದದ್ದು ಇಲ್ಲಿಯೇ ಮುಗಿಯಬೇಕು.

ಹೊಸ ಸದಸ್ಯೆ, ಟೆಕ್ಸಸ್:
ಎಲ್ಲರಿಗೂ ಧನ್ಯವಾದ. ಬಾಸ್ಟನ್ ಅಕ್ಕ, ನೀವು ಹೇಳಿದ ಹಾಗೆ ನೋಡಿದೆ. ‘ಲ್ಯಾಂಗ್ವೇಜ್ ಥ್ರೂಔಟ್’ ಎಂದಿದೆ, ಅಂದರೆ ಉದ್ದಕ್ಕೂ. ಲಂಡನ್ನಿನವರು ಹೇಳಿದ ಜಾಲತಾಣದಲ್ಲಿ ಅದೇ ಚಿತ್ರಕ್ಕೆ 15. ಕ್ರೌರ್ಯ ಇಲ್ಲವೆಂದೇ ಹೇಳಬಹುದು, ಅಣ್ಣತಮ್ಮಂದಿರ ಜಗಳದ ಕಥೆ. ಮಗನನ್ನು ಕೂರಿಸಿಕೊಂಡು ಓದಿಸಿದೆ. ‘ಇದೆಲ್ಲ ದಿನವೂ ಕೇಳುತ್ತೇನೆ ಅಮ್ಮ’ ಎಂದ. ಯಾರಿಂದ ಎಂದರೆ ಹೆಸರು ಹೇಳಲಿಲ್ಲ. ನಾನೂ ಜೊತೆಗೆ ಹೋಗುವುದಾದರೆ ಕಳಿಸಬಹುದು ಎಂದು ಯಜಮಾನರು ಹೇಳುತ್ತಾರೆ. ನಾನು ಬಂದರೆ ಮಾನ ಹೋಗುತ್ತದೆ ಎಂದು ಮಗನ ತಕರಾರು. ಇನ್ನೊಂದು ಸಂಶಯ: ಆ ತಂದೆ ಐದು ಹುಡುಗರಿಗೂ ಹೊಣೆಗಾರ ಎಂದು ಚಿತ್ರಮಂದಿರದವರು ಒಪ್ಪುತ್ತಾರೆಯೇ?

ಬಾಸ್ಟನ್ ಅಕ್ಕ:
ಅದು ಆಯಾ ಚಿತ್ರಮಂದಿರಕ್ಕೆ ಬಿಟ್ಟದ್ದು. ಜೊತೆಗೆ ಬರುವವರಿಗೆ ಇಷ್ಟು ವಯಸ್ಸಾಗಿರಬೇಕು, ಒಬ್ಬರು ಇಷ್ಟೇ ಮಕ್ಕಳನ್ನು ಕರೆತರಬಹುದು ಎಂದು ಕೆಲವರು ತಮ್ಮದೇ ನಿಯಮ ಇಟ್ಟಿರುತ್ತಾರೆ. ಟಿಕೆಟ್ ಕೊಡಿಸಿ ಬಾಗಿಲಲ್ಲೇ ತಿರುಗಿಬಿಟ್ಟರೆ ನಡೆಯದು, ದೊಡ್ಡವರು ಒಳಗೆ ಕುಳಿತಿರಬೇಕು ಎನ್ನುವವರೂ ಇದ್ದಾರೆ. ಇವತ್ತೇ ಫೋನ್ ಮಾಡಿ ಕೇಳಿ. ಆ ತಂದೆಗೂ ತಿಳಿಸಿ, ಪಾಪ, ಐದು ಹುಡುಗರನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡು ವಾದ ಮಾಡುವ ಗತಿ ಅವರಿಗೆ ಬಾರದಿರಲಿ. ನೀವು ಹೋಗುವುದಾದರೆ ಎರಡು ಸಾಲು ಹಿಂದೆ ಕುಳಿತುಕೊಳ್ಳಿ. ಮಾನವೂ ಉಳಿಯುತ್ತದೆ, ಹೊಣೆಯೂ ತೀರುತ್ತದೆ.

ಟೊರಾಂಟೊ ತಮ್ಮ:
ನಡುವೆ ಬಾಯಿ ಹಾಕುತ್ತಿದ್ದೇನೆ, ಕೆನಡಾದಲ್ಲಿ ಇದೇ ಪ್ರಶ್ನೆ ಬಂದರೆ? ನನ್ನ ಮಗನಿಗೂ ಹದಿಮೂರು.

ಬಾಸ್ಟನ್ ಅಕ್ಕ:
ನಿಮ್ಮಲ್ಲಿ ಪ್ರಾಂತ್ಯಗಳ ಹೊಣೆ, ಕ್ವಿಬೆಕ್‌ನದಂತೂ ಬೇರೆಯೇ ಲೆಕ್ಕ. ಇಲ್ಲಿಯ ಅನೇಕ ಆರ್ ಚಿತ್ರಗಳು ನಿಮ್ಮ ಕಡೆ 14ಎ ಆಗಿ ಬರುತ್ತವೆ. ಹದಿನಾಲ್ಕು ತುಂಬಿದರೆ ಒಬ್ಬನೇ ಹೋಗಬಹುದು, ಅಲ್ಲಿಯವರೆಗೆ ನೀವು ಜೊತೆಗಿರಬೇಕು.

ಹಳೆಯ ಮೇಷ್ಟ್ರು:
ಟೊರಾಂಟೊದಲ್ಲಿಯೂ ಕನ್ನಡ ತರಗತಿ ಇದೆ.